ಮಗ್ಗದ ಕುಣಿಯಲ್ಲಿ ಕೂತ ಡಾಕ್ಟರು

ನಮ್ಮ ಡಾಕ್ಟರ ಪಾದಗಳು ಭಾರಿ ದೊಡ್ಡವು. ಇಳಕಲ್ ಬಜಾರಿನಲ್ಲಿ ಅವರ ಅಳತೆಗೆ ಚಪ್ಪಲಿ ಸಿಗದೆ ಬೇರೆಯಾಗಿ ಹೊಲಿಸಿಕೊಳ್ಳುತ್ತಿದ್ದರು. ಹಿಮ್ಮಡಿ ಒಡೆದು ಸೀಳು ಬಿಟ್ಟಿತ್ತು, ಹೆಬ್ಬೆರಳು ಒಂದು ಕಡೆಗೆ ವಾಲಿತ್ತು. ಮಂದಿ ಡಾಕ್ಟರ ಮುಖ ನೆನೆಯುತ್ತಾರೆ, ನಾನು ಪಾದ ನೆನೆಯುತ್ತೇನೆ. ಯಾಕೆಂದರೆ ನಮ್ಮ ಮನೆಗೆ ಬಂದಾಗ ಅವರು ಒಮ್ಮೆಯೂ ಕುರ್ಚಿಯ ಮೇಲೆ ಕೂತವರಲ್ಲ. ಪಡಸಾಲೆಯ ಮಗ್ಗದಲ್ಲಿ ನೇಯುವವರು ಕಾಲು ಇಳಿಬಿಟ್ಟು ಕೂರುವ ಕುಣಿ ಇರುತ್ತದಲ್ಲ, ಸೀದಾ ಅಲ್ಲಿ ಹೋಗಿ ಕೂಡುತ್ತಿದ್ದರು. ಹಾಗೆ ಕೂತರೆ ಅವರ ಮುಖ, ಪಕ್ಕದ ಚಾಪೆಯ ಮೇಲೆ ಮಲಗಿದ ಅವ್ವನ ಮುಖಕ್ಕೆ ಹತ್ತಿರವಾಗುತ್ತಿತ್ತು. ಕುಣಿಯೊಳಗೆ ಆ ಪಾದಗಳು ಮಾತ್ರ ಸುಮ್ಮನಿರುತ್ತಿರಲಿಲ್ಲ. ತುಳಿಯುವ ಹಲಗೆಯನ್ನು ಒತ್ತಿ ಒತ್ತಿ ಮಗ್ಗವನ್ನು ಕಿರಗುಟ್ಟಿಸುತ್ತಿದ್ದವು.

"ಡಾಕ್ಟರ್ರ, ನೀವು ನಾಡಿ ಹಿಡೀರಿ, ಮಗ್ಗ ನಾ ನೋಡ್ಕೋತೇನಿ," ಎನ್ನುತ್ತಿದ್ದಳು ಅವ್ವ.

ಅವರು ಸಿಹಿ ಮಾತಿನ ಮನುಷ್ಯರಲ್ಲ. ತಂಬಾಕು ತಿನ್ನುವವರಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಕೂಸಿಗೆ ಜ್ವರ ಬಂದು ಮೂರು ದಿನ ಕಳೆದ ಮೇಲೆ ಎತ್ತಿಕೊಂಡು ಬಂದ ತಂದೆಯನ್ನು ದವಾಖಾನೆಯ ಕಟ್ಟೆಯ ಮೇಲೇ ನಿಲ್ಲಿಸಿ ಓಣಿಗೆಲ್ಲ ಕೇಳುವ ಹಾಗೆ ಝಾಡಿಸಿದ್ದನ್ನು ನಾನೇ ಕಂಡಿದ್ದೇನೆ. ಅವ್ವನ ಎದೆಯಲ್ಲಿ ಗಂಟು ಕಾಣಿಸಿದಾಗ ಅಪ್ಪ ಅದಕ್ಕೇ ಇವರ ಹತ್ತಿರ ಹೋಗಲಿಲ್ಲ. ಬಾಗಲಕೋಟೆಯಲ್ಲಿ ನಗುನಗುತ್ತ ಮಾತಾಡುವ ಡಾಕ್ಟರೊಬ್ಬರಿಗೆ ತೋರಿಸಿದ. ಅವರು ಅವ್ವನ ಬೆನ್ನು ತಟ್ಟಿ, ಏನೂ ಆಗಿಲ್ಲ ಎಂದು ಟಾನಿಕ್ ಕೊಟ್ಟು ಕಳಿಸಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಗಂಟು ಒಡೆದು ಹುಣ್ಣಾಯಿತು. ಆಮೇಲೆ ಇವರು ನೋಡಿ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ತುಣುಕು ತೆಗೆದು ಪರೀಕ್ಷಿಸಿದವರು ಆಗಿನ ರೂಢಿಯಂತೆ ಅಪ್ಪನನ್ನೂ ದೊಡ್ಡಪ್ಪನನ್ನೂ ಹೊರಗೆ ಕರೆದು ವಿಷಯ ತಿಳಿಸಿದರು. ಅವ್ವ ಒಳಗೆ ಬೆಂಚಿನ ಮೇಲೆ ಕೂತಿದ್ದಳು. ಅದು ಎಪ್ಪತ್ತರ ದಶಕ. ರೋಗ ಹೆಂಗಸಿನದು, ಸುದ್ದಿ ಗಂಡಸರದು.

ಊರಿಗೆ ಮರಳಿದ ದಿನವೇ ಅಪ್ಪ ಡಾಕ್ಟರ ದವಾಖಾನೆಗೆ ಹೋಗಿ ಕೈಮುಗಿದ. "ಆಕೀಗಿ ಹೇಳಬ್ಯಾಡ್ರಿ ಸಾಹೇಬ್ರ. ಎದಿ ಒಡಕೊಂಡು ಸಾಯ್ತಾಳ."

"ನಾನಾಗೇ ಹೇಳೂದಿಲ್ಲ," ಎಂದರಂತೆ ಅವರು. "ಆಕಿ ಕೇಳಿದ್ರ ಮಾತ್ರ ಸುಳ್ಳು ಹೇಳೂದಿಲ್ಲ."

ಹೀಗಾಗಿ ಅವ್ವ ಕೇಳದಂತೆ ನೋಡಿಕೊಳ್ಳುವುದೇ ನಮ್ಮೆಲ್ಲರ ಕೆಲಸವಾಯಿತು. ಡಾಕ್ಟರು ಬಂದರೆ ಅವ್ವನನ್ನು ಅವರೊಂದಿಗೆ ಒಬ್ಬಳೇ ಬಿಡುವಂತಿಲ್ಲ. ಅವಳು ಬಾಯಿ ತೆರೆದರೆ ಸಾಕು, ಅಪ್ಪ ಚಹಾ ಅನ್ನುತ್ತಿದ್ದ, ದೊಡ್ಡವ್ವ ಜೋಳದ ಬೆಳೆಯ ಮಾತು ತೆಗೆಯುತ್ತಿದ್ದಳು, ನಾನು ಬಾಗಿಲಲ್ಲಿ ನಿಂತು ಸುಮ್ಮಸುಮ್ಮನೆ ನಗುತ್ತಿದ್ದೆ. ಹಲ್ಲು ಕಿರಿದು ಕಿರಿದು ದವಡೆ ನೋಯುತ್ತಿತ್ತು.

ನಮ್ಮ ಮನೆತನದಲ್ಲಿ ಮಗಳ ಲಗ್ನದ ಸೀರೆಯನ್ನು ತಾಯಿಯೇ ನೇಯಬೇಕು, ನನ್ನದನ್ನು ಅವ್ವ. ಆದರೆ ನಿಶ್ಚಯವಾಗುವ ಮುಂಚೆ ಅದನ್ನು ಮಗ್ಗಕ್ಕೆ ಏರಿಸುವಂತಿಲ್ಲ, ಏರಿಸಿದರೆ ಹುಡುಗಿಗೆ ಗಂಡು ಕೂಡಿಬರುವುದಿಲ್ಲ ಎಂಬ ಅಂಜಿಕೆ. ಒಂದು ಮುಂಜಾನೆ, ನಾವೆಲ್ಲ ಸುತ್ತ ನೆರೆದಿರುವಾಗಲೇ, ದೊಡ್ಡವ್ವನ ಮಾತನ್ನು ಅರ್ಧಕ್ಕೆ ತಡೆದು ಅವ್ವ ಕೇಳಿದಳು. "ಡಾಕ್ಟರ್ರ, ಹುಡುಗೀದು ಇನ್ನೂ ನಿಶ್ಚೇ ಆಗಿಲ್ಲ. ಲಗ್ನದ ಸೀರಿ ಈಗ್ಲೇ ಏರಸ್ಲೋ, ಆಗೂತನಕ ತಡೀಲೋ?"

ಮಠದ ಅಯ್ಯನವರನ್ನು ಕೇಳುವ ಪ್ರಶ್ನೆಯನ್ನು ಡಾಕ್ಟರಿಗೆ ಕೇಳಿದ್ದಳು. ಕುಣಿಯಲ್ಲಿ ಪಾದಗಳು ನಿಂತವು. ಅಪ್ಪ ಚಹಾ ಅಂದ, ಯಾರೂ ಕೇಳಿಸಿಕೊಳ್ಳಲಿಲ್ಲ.

"ಈಗ್ಲೇ ಏರಸು ತಂಗಿ. ತಡೀಬ್ಯಾಡ."

"ಹಂಗಾರ ನಾ ಉಳಿಯೂದಿಲ್ಲ."

"ಇಲ್ಲ. ಕ್ಯಾನ್ಸರ್ ಐತಿ. ಹುಬ್ಬಳ್ಳಿಯಾಗ ಕರೆಂಟ್, ಅಂದ್ರ ರೇಡಿಯೇಶನ್, ಹಿಡಸಿದ್ರ ಸ್ವಲ್ಪ ದಿನಾ ಮುಂದ ಹೋಗಬಹುದು, ಅಷ್ಟ." ಇಷ್ಟು ಹೇಳಿ ಅವರು ಏಳಲಿಲ್ಲ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತು ಮುಗಿಸುವ ತನಕ ಕೂತೇ ಇದ್ದರು.

ಅವರು ಎದ್ದು ಹೊರಟಾಗ ಅಪ್ಪ ಹಿಂದೆಯೇ ಓಡಿಬಂದು ಅಂಗಳದಲ್ಲಿ ಅವರನ್ನು ತಡೆದು, "ಬಾಯಿಲೇ ಕೊಂದ್ರಿ ಆಕೀನ್ನ. ಇನ್ನ ಈ ಹೊಸ್ತಿಲಾ ತುಳೀಬ್ಯಾಡ್ರಿ," ಎಂದು ಕೂಗಿದ. ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು.

ಈಗ ದೊಡ್ಡ ದವಾಖಾನೆಗಳಲ್ಲಿ, ಡಾಕ್ಟರು ನಿಮ್ಮೊಂದಿಗೆ ಹೇಗೆ ಮಾತಾಡಿದರು, ಧೈರ್ಯ ಹೇಳಿದರೋ ಇಲ್ಲವೋ, ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ರೋಗಿಗಳನ್ನು ಕೇಳುತ್ತಾರೆ. ಅಪ್ಪನನ್ನು ಕೇಳಿದ್ದರೆ ಇವರಿಗೆ ಸೊನ್ನೆ, ಬಾಗಲಕೋಟೆಯವರಿಗೆ ಐದು. ಅವ್ವನನ್ನು ಆಗ ಯಾರೂ ಕೇಳಲಿಲ್ಲ.

ಅವಳು ಮರುದಿನವೇ ಸೀರೆಯ ಕೆಲಸಕ್ಕೆ ಕೈ ಹಚ್ಚಿದಳು. ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವಾಗ ಬಲತೋಳು ಬಾತು ಕಂಬದಂತಾಗಿತ್ತು. ಅರ್ಧ ನೇಯುವಷ್ಟರಲ್ಲಿ ಲಾಳಿ ಎಸೆಯಲಾಗದೆ ಚಾಪೆ ಹಿಡಿದಳು. ಉಳಿದದ್ದನ್ನು ಅಪ್ಪ ನೇಯ್ದ. ಅವಳು ಮಲಗಿದಲ್ಲಿಂದಲೇ, ಅಂಚು ಸಡಿಲಾಯಿತು, ಬಿಗಿ ಮಾಡು ಎಂದು ತಿದ್ದುತ್ತಿದ್ದಳು. ಒಂದು ದಿನ ನೋವು ತಡೆಯಲಾಗದೆ, "ಡಾಕ್ಟರನ್ನ ಕರೀರಿ," ಎಂದಳು. ಅಪ್ಪ ಕೈ ನಿಲ್ಲಿಸಿ, ಆ ಮನುಷ್ಯ ಬೇಡ ಎಂದ.

"ನೀವೆಲ್ಲಾ ನನ್ನ ಮುಂದ ನಗೂದು ನೋಡಿ ನಂಗ ಭಾಳ ಅಂಜಿಕಿ ಬರ್ತಿತ್ರಿ," ಎಂದಳು ಅವ್ವ. "ಅವ್ರು ಖರೆ ಹೇಳಿದ ರಾತ್ರಿ ನಂಗ ನಿದ್ದಿ ಬಂತು."

ಅಪ್ಪ ಲಾಳಿ ಕೆಳಗಿಟ್ಟು ತಾನೇ ಹೋಗಿ ಕರೆತಂದ. ಡಾಕ್ಟರು ಹಿಂದಿನ ಮಾತು ಎತ್ತದೆ ಕುಣಿಯಲ್ಲಿ ಇಳಿದು ಕೂತರು.

"ಕಡೀಕ ನೋವು ಭಾಳ ಇರ್ತೈತೇನ್ರಿ?"

"ಇರ್ತೈತಿ ತಂಗಿ. ಸೂಜಿ ಹಾಕಿದ್ರ ಸ್ವಲ್ಪ ತಡೀತೈತಿ, ಪೂರಾ ಅಲ್ಲ. ನಾ ದಿನಾ ಬರ್ತೇನಿ."

ದಿನಾ ಬಂದರು. ಸೀರೆ ಮುಗಿಯಿತು, ಅವ್ವನೂ ಮುಗಿದಳು. ಸುಖದ ಸಾವಲ್ಲ ಅದು, ಒದ್ದಾಡಿ ಒದ್ದಾಡಿ ಹೋದಳು. ಅವರು ಹೇಳಿದ್ದಂತೆಯೇ ಆಯಿತು.

ಡಾಕ್ಟರನ್ನು ಒಯ್ದದ್ದೂ ಅದೇ ರೋಗ. ಎಂಬತ್ತರ ದಶಕದ ನಡುವೆ, ನಾನು ಕಮತಗಿಗೆ ಸೊಸೆಯಾಗಿ ಹೋಗಿ ಕೆಲ ವರ್ಷಗಳಾಗಿದ್ದವು. ಅವರು ಹಾಸಿಗೆ ಹಿಡಿದ ಸುದ್ದಿ ತಿಳಿದು, ಅವ್ವನ ಸೀರೆ ಉಟ್ಟುಕೊಂಡು ಬಸ್ ಹತ್ತಿ ಬಂದೆ. ಅವರ ಮಗ ಬಾಗಿಲಲ್ಲೇ ತಡೆದು ಪಿಸುಗುಟ್ಟಿದ. "ಅಕ್ಕಾರ, ಗಂಟಲದಾಗ ಬರೇ ಹುಣ್ಣು ಅಂತ ಹೇಳೇವಿ. ನೀವೂ ಹಂಗ ಅನ್ರಿ." ಜನ್ಮವಿಡೀ ಊರಿನ ಗಂಟಲು ನೋಡಿದವರಿಗೆ ಹುಣ್ಣು ಅಂತೆ! ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಎತ್ತರದ ಮಂಚ. ಹೊದಿಕೆಯಿಂದ ಆ ದೊಡ್ಡ ಪಾದಗಳು ಹೊರಗೆ ಚಾಚಿದ್ದವು, ಅಲ್ಲಾಡದೆ. ಸ್ಟೂಲು ಎಳೆದುಕೊಂಡು ಅವರ ಮುಖದ ಸಮಕ್ಕೆ ಕೂತೆ.

"ಅವ್ವನ ಸೀರಿ ಹೌದಲ್ಲ?" ಗಾಳಿ ಬಿಟ್ಟಂತಿತ್ತು ದನಿ. ಆಮೇಲೆ ಬಾಗಿಲ ಕಡೆ ನೋಡಿ, "ಎಲ್ಲಾರೂ ನಗ್ತಾರ. ನಂಗ ಗೊತ್ತೈತಿ. ಆದ್ರ ಯಾರರ ಒಬ್ರು ಬಾಯಿ ಬಿಟ್ಟು ಹೇಳಬೇಕಲ್ಲವ್ವಾ."

"ಕ್ಯಾನ್ಸರ್ ಐತ್ರಿ," ಎಂದೆ. "ನೀವು ಉಳಿಯೂದಿಲ್ಲ." ಅವರು ಕಣ್ಣು ಮುಚ್ಚಿ ಅತ್ತರು. ಮುಗಿಯುವ ತನಕ ನಾನು ಏಳಲಿಲ್ಲ. "ದಿನಾ ಬರ್ತೇನ್ರಿ," ಎಂದು ಹೇಳಿ ಹೊರಬಂದೆ.

ಅಂಗಳದಲ್ಲಿ ಅವರ ಮಗ ಅಡ್ಡ ನಿಂತ. "ಬಾಯಿಲೇ ಕೊಂದ್ರಿ ನಮ್ಮಪ್ಪನ್ನ." ಆ ಮಾತು ನನಗೆ ಹೊಸದಲ್ಲ. ಚಪ್ಪಲಿ ಮೆಟ್ಟಿಕೊಂಡು ಬಂದೆ.

ಮರುದಿನ ಮತ್ತೆ ಬಸ್ ಹತ್ತಿದೆ. ಬಾಗಿಲು ತೆರೆದವನು ಅದೇ ಮಗ. ಕಣ್ಣು ಬಾತಿದ್ದವು. ಬೈಯುತ್ತಾನೆಂದು ನಿಂತೆ. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಬರ್ರಿ ಅಕ್ಕಾರ," ಎಂದ. "ಅಪ್ಪ ರಾತ್ರಿ ನಿದ್ದಿ ಮಾಡ್ಯಾರ."