ನಮ್ಮ ಮನೆಗೆ ತಗಣಿ ಬಂದ ಸುದ್ದಿ

ನನ್ನ ಹೆಂಡತಿಗೆ ದೇವರ ಮೇಲೆ ಎಷ್ಟು ಭಕ್ತಿಯೋ ನಾನು ಅಳೆಯಲು ಹೋಗಿಲ್ಲ. ಕಸಬರಿಗೆಯ ಮೇಲಂತೂ ಅಪಾರ ಭಕ್ತಿ. ಖಾನಾಪುರದಲ್ಲಿ ನಮ್ಮದು ಸಣ್ಣ ಮನೆ. ಸುತ್ತ ಕಾಡು ಇರುವ ಊರಾದ್ದರಿಂದ ಮಳೆ ಹಿಡಿಯಿತೆಂದರೆ ಹುಳಹುಪ್ಪಟೆಗಳಿಗೆಲ್ಲ ನಮ್ಮ ಮನೆಯೇ ಆಗಬೇಕು. ಅವುಗಳ ಜೊತೆ ಇವಳ ಯುದ್ಧ ನಡೆದೇ ಇರುತ್ತದೆ. ಇರುವೆಗಳು ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತಿದ್ದು ಕಂಡರೆ ಸಾಕು, ಮಳೆ ಬರುವ ಮೊದಲೇ ಸಕ್ಕರೆ ಡಬ್ಬಿಯ ಕೆಳಗೆ ನೀರಿನ ತಟ್ಟೆ ಬಂದಿರುತ್ತದೆ. ಜೊಂಡಿಗ ಬೆಚ್ಚಗಿನ ಸಂದಿ ಹುಡುಕುತ್ತದೆಂದು ಫ್ರಿಜ್ಜಿನ ಹಿಂದೆ ವಾರಕ್ಕೊಮ್ಮೆ ಕೈ ಹಾಕಿ ಒರೆಸುತ್ತಾಳೆ. ಅಕ್ಕಿಗೆ ನುಸಿ ಬಿದ್ದರೆ ಬಿಸಿಲಿಗೆ ಹರವಿ, ಅವು ಒಂದೊಂದೇ ಅಂಚಿಗೆ ಓಡಿ ಬರುವುದನ್ನು ಕಾಯುತ್ತ ಕೂರುತ್ತಾಳೆ.

ನನಗೂ ಈ ಜಾತಿಗಳ ಪರಿಚಯ ಚೆನ್ನಾಗಿಯೇ ಇದೆ. ಬೆಳಗಾವಿಯ ಒಂದು ಧಾನ್ಯದ ಗೋದಾಮಿನಲ್ಲಿ ಉಸ್ತುವಾರಿ ನೋಡಿಕೊಂಡೇ ನಾನು ಮುದುಕನಾದದ್ದು. ಸಂಜೆ ರೈಲಿಳಿದು ಬಂದರೆ ನನಗೆ ಮನೆಯೊಳಗೆ ನೇರ ಪ್ರವೇಶವಿರಲಿಲ್ಲ. ಹಿತ್ತಲಿಗೆ ಹೋಗಿ ಅಂಗಿ ಝಾಡಿಸಿ, ಬುಟ್ಟಿಗೆ ಹಾಕಿ, ಕೈಕಾಲು ತೊಳೆದ ಮೇಲೆ ಚಹಾ. "ಗೋದಾಮಿನ್ಯಾಗಿನ ಹುಳ ಅಲ್ಲೇ ಬಿಟ್ಟ ಬರ್ರಿ, ಅವನ್ನ ಇಲ್ಲಿ ಸಾಕಬ್ಯಾಡ್ರಿ" ಎನ್ನುತ್ತಿದ್ದಳು. ಹೊಟ್ಟೆ ಹಸಿದಾಗ ಸಿಟ್ಟು ಬರುತ್ತಿತ್ತು. ಆದರೂ ಝಾಡಿಸುತ್ತಿದ್ದೆ.

ಇಂಥ ಮನೆಗೆ ಮೊಮ್ಮಗಳು ಬಂದಳು. ಸೊಸೆಯ ತವರು ಬೆಳಗಾವಿಯ ಶಹಾಪುರ. ಬಾಣಂತನ ಮುಗಿಸಿ ಅವಳು ಕೂಸಿನ ಜೊತೆ ಬಂದಾಗ, ಪದ್ಧತಿಯಂತೆ ತವರಿನಿಂದ ತೊಟ್ಟಿಲು ಬಂತು, ಕೌದಿ ಬಂತು. ಕೌದಿ ಹೊಲಿದವರು ಸೊಸೆಯ ಅಜ್ಜಿ. ಮನೆಯ ಹೆಣ್ಣುಮಕ್ಕಳ ಹಳೆಯ ಸೀರೆಗಳನ್ನೆಲ್ಲ ಪದರ ಪದರವಾಗಿ ಹಾಸಿ, ಇಳಕಲ್ ಸೀರೆಯ ಕೆಂಪು ಸೆರಗನ್ನು ನಡುವೆ ಇಟ್ಟು, ಕೈಯಿಂದಲೇ ಸಾಲು ಸಾಲು ದಾರ ಹಾಕಿದ್ದರು. ಅಂಚಿಗೆ ಬರುಬರುತ್ತ ಆ ಸಾಲುಗಳು ಸೊಟ್ಟಗಾಗಿದ್ದವು. ಕಣ್ಣಿಗೆ ಆಪರೇಷನ್ ಆದ ಮೇಲೂ ಅವರಿಗೆ ಪೂರ್ತಿ ಕಾಣುತ್ತಿರಲಿಲ್ಲ. "ಇದಾ ಕಡೀದು ನೋಡ್ರಿ. ಇನ್ನ ಸೂಜಿ ಕೈಯಾಗ ನಿಲ್ಲೂದಿಲ್ಲ" ಎಂದು ನನ್ನ ಹೆಂಡತಿಯ ಕೈಗೆ ಅದನ್ನು ಕೊಟ್ಟಿದ್ದರು. ಆಮೇಲೆ ದಿನಾ ವಿಡಿಯೊ ಕಾಲ್ ಮಾಡಿ, ಮೊದಲು ಮರಿಮೊಮ್ಮಗಳ ಮುಖ ನೋಡಿ, ಮರುಮಾತಿಗೇ "ಕೌದಿ ಮ್ಯಾಲ ಮಲಗಸ್ತೀರಿ ಹೌದಲ್ಲ?" ಎಂದು ಕೇಳುತ್ತಿದ್ದರು.

ಮಲಗಿಸುತ್ತಿದ್ದೆವು. ದೊಡ್ಡ ಮಂಚದ ಮೇಲೆ ಸೊಸೆ, ಪಕ್ಕದಲ್ಲಿ ಕೌದಿಯ ಮೇಲೆ ಕೂಸು. ಆ ಮಂಚ ನಮ್ಮ ಮದುವೆಗೆಂದು ಗುಂಜಿ ಊರಿನ ಬಡಿಗನಿಂದ ಮಾಡಿಸಿದ್ದು, ಸಾಗುವಾನಿ. ಬಾಣಂತಿಗೆ ಬೆನ್ನು ನೋಯಬಾರದೆಂದು ಇವಳೇ ಅದನ್ನು ಸೊಸೆಯ ಕೋಣೆಗೆ ಹಾಕಿಸಿದ್ದಳು.

ಮಳೆ ಜೋರಾದ ಹೊತ್ತಿಗೆ ಕೂಸಿನ ಬೆನ್ನಿಗೆ, ಮೊಣಕಾಲಿನ ಹಿಂದೆ ಕೆಂಪು ಗುಳ್ಳೆಗಳು ಎದ್ದವು. ಕೆರೆದುಕೊಳ್ಳಲು ಬಾರದ ಕೂಸು, ಸುಮ್ಮನೆ ಮೈ ತಿರುವಿ ತಿರುವಿ ಅಳುತ್ತಿತ್ತು. ಎಣ್ಣೆ ಬದಲಿಸಿದೆವು, ಸಾಬೂನು ಬದಲಿಸಿದೆವು. ಡಾಕ್ಟರು ನೋಡಿ, "ಏನೋ ಕಚ್ಚಿದಂಗದರೀ. ಹಾಸಿಗ್ಯಾಗ ತಗಣಿ ಅದಾವೇನ ನೋಡ್ರಿ" ಎಂದರು.

ಅಷ್ಟೇ ಹೇಳಿದ್ದು ಅವರು. ಮಾತು ಮುಗಿಯುವ ಮೊದಲೇ ನನ್ನ ಹೆಂಡತಿಯ ಮುಖ ಕಪ್ಪಿಟ್ಟಿತು. ನುಸಿ ಬಂದರೆ ಅಂಗಡಿಯವನನ್ನು ಬೈಯಬಹುದು, ಇರುವೆ ಬಂದರೆ ಮಳೆಯನ್ನು ಬೈಯಬಹುದು. ತಗಣಿ ಬಂತೆಂದರೆ ಮಂದಿ ಬೈಯುವುದು ಆ ಮನೆಯ ಹೆಂಗಸನ್ನೇ. ಮನೆಗೆ ಬಂದವಳೇ ಗಾದಿ ಎತ್ತಿ ಅಂಗಳಕ್ಕೆ ಹಾಕಿದಳು. ಮಳೆ ಬಂತೆಂದು ಮತ್ತೆ ಒಳಗೆ ಎಳೆದಳು.

ನಾನು ಬ್ಯಾಟರಿ ಹಿಡಿದು ಮಂಚದ ಸಂದಿಗಳನ್ನೆಲ್ಲ ನೋಡಿದೆ. ತಗಣಿಯ ನಡತೆ ನನಗೆ ಗೊತ್ತು. ಅದು ಬೆಳಕಿಗೆ ಬರುವ ಪ್ರಾಣಿಯಲ್ಲ. ಹಗಲೆಲ್ಲ ಗಾದಿಯ ಹೊಲಿಗೆಯಲ್ಲಿ, ಕಟ್ಟಿಗೆಯ ಸೀಳಿನಲ್ಲಿ ಒತ್ತಿಕೊಂಡು ಕೂತು, ನಾವು ಮಲಗಿದ ಮೇಲೆ ಬಂದು ರಕ್ತ ಹೀರಿ ಹೋಗುತ್ತದೆ. ಹೋದ ದಾರಿಯಲ್ಲಿ ಸಣ್ಣ ಕಪ್ಪು ಚುಕ್ಕೆ ಬಿಡುತ್ತದೆ, ಹಾಸಿಗೆಗೆ ರಕ್ತದ ಕಲೆ ಮಾಡುತ್ತದೆ, ಹೆಚ್ಚಾದರೆ ಕೋಣೆಗೇ ಒಂದು ಕಮಟು ವಾಸನೆ ಬರುತ್ತದೆ. ನಮ್ಮ ಮಂಚದಲ್ಲಿ ಚುಕ್ಕೆಯಿಲ್ಲ, ಕಲೆಯಿಲ್ಲ, ವಾಸನೆಯಿಲ್ಲ. ಅದೂ ಅಲ್ಲದೆ, ಅದೇ ಮಂಚದ ಮೇಲೆ ಮಲಗಿದ ಸೊಸೆಗೆ ಒಂದೇ ಒಂದು ಗುಳ್ಳೆಯಿಲ್ಲ. ಇದನ್ನು ನಾನು ಫೋನಿನಲ್ಲಿ ಬೀಗತಿಗೆ ವಿವರಿಸಿ ಹೇಳಿದೆ.

"ಎಳೀ ರಕ್ತ ಅಲ್ರೀ, ಅದಕ್ಕ ಕೂಸಿಗೇ ಕಚ್ಚತಾವು" ಎಂದರು ಬೀಗತಿ. ತಗಣಿ ವಯಸ್ಸು ಕೇಳಿ ಕಚ್ಚುವುದನ್ನು ನಾನಂತೂ ಈ ಜನ್ಮದಲ್ಲಿ ಕೇಳಿರಲಿಲ್ಲ.

ಸೊಸೆ ಕೂಸನ್ನು ಎತ್ತಿಕೊಂಡು ಶಹಾಪುರಕ್ಕೆ ಹೊರಟಳು. ಜಗಳವೇನೂ ಆಗಲಿಲ್ಲ. ಅವಳು ಜಗಳಗಂಟಿಯೂ ಅಲ್ಲ. ಬಾಗಿಲಲ್ಲಿ ನಿಂತು, "ಅತ್ಯಾರ, ಅರಿವಿ ಯಾವೂ ಒಯ್ಯೂದಿಲ್ರಿ. ಅವ್ವ ಹೇಳ್ಯಾಳ, ಅಲ್ಲಿಂದ ಒಂದ ಎಳಿ ದಾರಾನೂ ತರಬ್ಯಾಡ ಅಂತ" ಎಂದಳು. ತಗಣಿ ಬಟ್ಟೆಬರೆಯೊಳಗೆ ಕೂತೇ ಊರೂರು ತಿರುಗುವುದು, ಆ ಮಾತು ಖರೆ. ಉಟ್ಟ ಬಟ್ಟೆಯಲ್ಲಿ ತಾಯಿ ಮಗು ಇಬ್ಬರೂ ಹೋದರು. ಕೌದಿಯೂ ಇಲ್ಲೇ ಉಳಿಯಿತು. ಬೆಳಗಾವಿಯಲ್ಲೇ ನೌಕರಿ ಮಾಡುವ ಮಗ ಕೂಡ ಸಂಜೆ ಇತ್ತ ಬರುವುದು ಬಿಟ್ಟು ಅತ್ತೆಯ ಮನೆಯಲ್ಲೇ ಇರತೊಡಗಿದ.

ಅಲ್ಲಿಗೆ ಹೋದ ಕೆಲವೇ ದಿನಕ್ಕೆ ಕೂಸಿನ ಮೈ ತಿಳಿಯಾಯಿತು. ಇನ್ನೇನು ಸಾಕ್ಷಿ ಬೇಕು? ಖಾನಾಪುರದ ಮನೆಯಲ್ಲಿ ತಗಣಿ ಇವೆ ಎಂಬುದು ಪಕ್ಕಾ ಆಯಿತು. ಬೀಗತಿ ಒಳ್ಳೆಯ ಮಾತಿನಲ್ಲೇ ಹೇಳಿದರು, "ಆ ಮಂಚ ಸುಟ್ಟ ಹಾಕ್ರಿ. ಅಲ್ಲೀತನಕ ಕೂಸು ಇಲ್ಲೇ ಇರ್ಲಿ."

ನನ್ನ ಹೆಂಡತಿ ಮಂಚ ಸುಡಲಿಲ್ಲ. ಕೀಲು ಕೀಲಿಗೂ ಕುದಿಯುವ ನೀರು ಸುರಿದಳು. ಬೆಳಗಾವಿಯಿಂದ ಔಷಧ ಹೊಡೆಯುವವನನ್ನು ಕರೆಸಿದಳು. ಅವನ ಗಾಡಿಯ ಮೇಲೆ ಎಮ್ಮೆಕರುವಿನಷ್ಟು ದೊಡ್ಡ ಜೊಂಡಿಗದ ಚಿತ್ರ. ಅದನ್ನು ಹಿಂದಿನ ಓಣಿಯಲ್ಲಿ ನಿಲ್ಲಿಸಿ ನಡೆದು ಬರಬೇಕೆಂದು ಇವಳ ಕರಾರು. ಅವನು ಎಲ್ಲ ನೋಡಿ, "ತಗಣಿ ಏನ ಕಾಣಸ್ವಲ್ಲವ್ರಿ. ಬಂದೀನಂತ ಹೊಡದ ಬಿಡ್ತೀನಿ" ಎಂದು ಹೊಡೆದು ಹೋದ. ಮರುದಿನ ಬಾಜು ಮನೆಯಾಕೆ ಕಂಪೌಂಡಿನ ಮೇಲಿಂದ ಕತ್ತು ಚಾಚಿ ಮರಾಠಿಯಲ್ಲಿ "ಕಾಕೂ, ಢೇಕೂಣ ಝಾಲೇತ ಕಾ?" ಎಂದು ಕೇಳಿದಳು. ತಗಣಿ ಆಗಿವೆಯಾ ಎಂದು. ಅವತ್ತಿನಿಂದ ಇವಳು ಸೋಮವಾರದ ಭಜನೆಗೆ ಹೋಗುವುದನ್ನು ಬಿಟ್ಟಳು. ಯಾರಾದರೂ ಬಂದರೆ ಒಳಗೆ ಕುಂದರ್ರಿ ಎನ್ನುತ್ತಿರಲಿಲ್ಲ, ಪಡಸಾಲೆಯಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕುತ್ತಿದ್ದಳು. ಊಟಕ್ಕೆ ಕೂತರೆ ಎರಡು ತುತ್ತಿಗೆ ಏಳುತ್ತಿದ್ದಳು. ಖಾಲಿ ತೊಟ್ಟಿಲನ್ನು ದಿನಾ ಒರೆಸುತ್ತಿದ್ದಳು. ನನಗೆ ನೋಡಲಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಳೆ ಹೊಳವಾಗಿ ಬಿಸಿಲು ಬಿತ್ತು. ಸೊಸೆಯ ಕೋಣೆಯ ಕಿಟಕಿ ತೆರೆಯಲು ಹೋದೆ. ಕಟ್ಟೆಯ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ, ಕಂದು ಬಣ್ಣದ ಹುಳವೊಂದು ನಿಧಾನಕ್ಕೆ ನಡೆಯುತ್ತಿತ್ತು. ಪಕ್ಕದಲ್ಲಿ ಅಂಥವೇ ಎರಡು ಸತ್ತು ಬಿದ್ದಿದ್ದವು. ದೂರದಿಂದ ನೋಡಿದರೆ ಯಾರಿಗಾದರೂ ಅದು ತಗಣಿಯೇ. ನಾನು ಕನ್ನಡಕ ಹಾಕಿ ಬಗ್ಗಿದೆ. ತಗಣಿ ಚಪ್ಪಟೆ, ಅದಕ್ಕೆ ರೆಕ್ಕೆಯಿಲ್ಲ. ಇದಕ್ಕೆ ಉಬ್ಬಿದ ಬೆನ್ನು, ಮೇಲೆ ಗಟ್ಟಿ ಚಿಪ್ಪು, ಚಿಪ್ಪಿನ ನಡುವೆ ಉದ್ದಕ್ಕೊಂದು ಗೆರೆ. ಉಗುರಿನಿಂದ ಒತ್ತಿದೆ. ರಕ್ತ ಬರಲಿಲ್ಲ, ನಾರಲಿಲ್ಲ, ಒಣ ಹೊಟ್ಟಿನ ಹಾಗೆ ಚಟ್ ಎಂದಿತು.

ಅಯ್ಯೋ ನಿನ್ನ! ಗೋದಾಮಿನ ಹಳೆಯ ದೋಸ್ತ!

ಹಳೆಯ ಕಡಲೆ ಚೀಲಗಳಲ್ಲಿ ಇರುತ್ತಿತ್ತು ಇದು. ದೊಡ್ಡ ಹುಳ ಏನೂ ಮಾಡುವುದಿಲ್ಲ, ಪಾಪ. ಇದರ ಮರಿ ಇದೆಯಲ್ಲ, ಅದೇ ತಂಟೆಕೋರ. ಮೈತುಂಬ ಕೂದಲು, ಬೆಳೆಯುತ್ತ ಪೊರೆ ಕಳಚುತ್ತದೆ, ಆ ಪೊರೆಯ ಕೂದಲು ಧೂಳಿನಂತೆ ಉದುರುತ್ತದೆ. ಅಂಥ ಚೀಲ ಹೊತ್ತ ಹಮಾಲರು ಇಡೀ ದಿನ ಕತ್ತು ಕೆರೆದುಕೊಂಡು ನನಗೆ ಶಾಪ ಹಾಕುತ್ತಿದ್ದರು. ಗುಳ್ಳೆಯೂ ಥೇಟ್ ತಗಣಿ ಕಚ್ಚಿದ ಹಾಗೆಯೇ. ಆದರೆ ಇದಕ್ಕೆ ಕಾಳು ಬೇಕು, ಬೇಳೆ ಬೇಕು. ಮಲಗುವ ಕೋಣೆಯಲ್ಲಿ ಇದಕ್ಕೆ ಊಟ ಹಾಕಿದವರು ಯಾರು?

ಕಪಾಟು ನೋಡಿದೆ, ಮಂಚದ ಕೆಳಗೆ ತೆವಳಿದೆ, ಕೂಸಿನ ಗಿಲಕಿಯನ್ನೂ ಅಲ್ಲಾಡಿಸಿ ನೋಡಿದೆ. ಕೊನೆಗೆ ಉಳಿದದ್ದು ಟ್ರಂಕಿನ ಮೇಲೆ ಮಡಚಿಟ್ಟಿದ್ದ ಕೌದಿ. ಎತ್ತಿ ಝಾಡಿಸಿದರೆ ಅದರ ನಟ್ಟನಡುವಿನಿಂದ, ಕೆಂಪು ಸೆರಗಿನ ಹೊಲಿಗೆ ಸಂದಿಯಿಂದ ಸಣ್ಣ ಹಿಟ್ಟು ಉದುರಿತು. ಕೂಗಿ ಕರೆದೆ. ಇವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಇದರಾಗ ಏನೋ ಐತಿ ನೋಡ" ಎಂದೆ.

ಇವಳು ಕೌದಿಯನ್ನು ಮುಟ್ಟಿ ನೋಡಿದಳು. ತಟ್ಟನೆ ತುಟಿಗೆ ಕೈ ಹಚ್ಚಿಕೊಂಡು, "ಅಯ್ಯ ಶಿವನ! ಹೊಟ್ಟಿ ತುಂಬ್ಯಾರ್ರಿ" ಎಂದಳು.

ನನಗೆ ತಿಳಿಯಲಿಲ್ಲ. ಇವಳೇ ಹೇಳಿದಳು. ಕೌದಿ ಹೊಲಿದು ಮುಗಿಸುವಾಗ ಅದರ ಹೊಟ್ಟೆಯನ್ನು ಖಾಲಿ ಬಿಡಬಾರದು, ಒಂದು ತುಣುಕು ರೊಟ್ಟಿಯೋ ಹೋಳಿಗೆಯೋ ಇಟ್ಟು ಮುಚ್ಚಬೇಕು, ಹಸಿದ ಕೌದಿ ಮಲಗಿದವರಿಗೆ ನಿದ್ದೆ ಕೊಡುವುದಿಲ್ಲ ಎಂದು ಹಳೆಯ ಹೆಂಗಸರ ನಂಬಿಕೆ. ಈಗ ಹೆಚ್ಚಿನವರು ಉಗುರಿನಷ್ಟು ಇಟ್ಟು ಶಾಸ್ತ್ರ ಮುಗಿಸುತ್ತಾರಂತೆ. ಕತ್ತರಿ ತಂದು ನಡುವಿನ ಹೊಲಿಗೆ ಬಿಚ್ಚಿದಳು. ಅಜ್ಜಿ ಉಗುರಿನಷ್ಟು ಇಟ್ಟಿರಲಿಲ್ಲ. ಮರಿಮೊಮ್ಮಗಳಿಗೆ ಕಡಿಮೆಯಾಗಬಾರದೆಂದು ಕಡಲೆಬೇಳೆಯ ಹೋಳಿಗೆಯನ್ನು ಹೆಚ್ಚುಕಡಿಮೆ ಅರ್ಧ ಇಟ್ಟಿದ್ದರು. ಹೋಳಿಗೆ ಹೋಗಿ ಪುಡಿಯಾಗಿತ್ತು. ಪುಡಿಯಲ್ಲಿ ಕೂದಲಿನ ಮರಿಗಳು ಹೊರಳುತ್ತಿದ್ದವು, ಕಳಚಿದ ಪೊರೆಗಳು ರಾಶಿ ಬಿದ್ದಿದ್ದವು.

ನನಗಾದ ಸಂತೋಷ ಏನು ಹೇಳಲಿ! ಗೆದ್ದೆವು ಎನ್ನಿಸಿತು. ಮೊಬೈಲ್ ತೆಗೆದು ಪಟಪಟ ಫೋಟೊ ಹೊಡೆದೆ. "ಈಗ ಕಳಸ್ತೀನಿ ನೋಡ ಬೀಗತಿಗೆ. ಮಂಚ ಸುಡ್ರಿ ಅಂತಾರ! ಹುಳ ಅವರ ಮನಿಯಿಂದ ಬಂದಾವು, ಅದೂ ಹೋಳಿಗಿ ತಿನಕೋತ!"

"ಕಳಸಬ್ಯಾಡ್ರಿ" ಎಂದಳು.

"ಯಾಕ?"

"ಕೌದಿ ಹೊಲದ ಆ ಅಮ್ಮಾರಿಗೆ ಗೊತ್ತಾಕ್ಕತಿ."

"ಆಗ್ಲಿ. ಇಷ್ಟ ದಿನ ನಿನ್ನ ಮಾರಿ ಹೆಂಗಾಗೇತಿ, ಕನ್ನಡಿ ನೋಡ್ಕೊಂಡೀ ಏನ?" ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಸೊಸಿಗರೆ ಹೇಳೂಣು. ಅಕೀ ಒಬ್ಬಾಕಿಗೆ."

"ಸೊಸಿ ಅವ್ವಗ ಹೇಳ್ತಾಳ, ಅವ್ವ ಅಮ್ಮಾರಿಗೆ ಹೇಳ್ತಾಳ. ಹೇಳಲಾರದ ಹೆಂಗ ಇರ್ತಾರ್ರಿ? ಅವರು ಕಣ್ಣ ಕಾಣದ ಹೊಲದಾರ. ತಾನ ಹೊಲದ ಕೌದಿನ ಕೂಸಿನ ಮೈ ಕೆಡಿಸ್ತಂತ ತಿಳದರ, ಆ ಜೀವ ಉಳೀತೈತೇನ್ರಿ? ತಗೀರಿ ಆ ಫೋಟೊ."

ನಾನು ತೆಗೆಯಲಿಲ್ಲ. ಇವಳೇ ನನ್ನ ಕೈಯಿಂದ ಮೊಬೈಲ್ ಇಸಿದುಕೊಂಡು, ಅಳಿಸುವುದು ಹೇಗೆಂದು ಗೊತ್ತಾಗದೆ ಮತ್ತೆ ನನ್ನ ಮುಂದೆಯೇ ಹಿಡಿದಳು. ಅಳಿಸಿದೆ.

ಮುಂದಿನ ಬಿಸಿಲುಗಳೆಲ್ಲ ಕೌದಿಗೇ ಹೋದವು. ಹೊಟ್ಟೆ ಪೂರ್ತಿ ಬಿಚ್ಚಿ, ಒಳಗಿನದೆಲ್ಲ ಒಲೆಗೆ ಹಾಕಿ, ಕುದಿಯುವ ನೀರಿನಲ್ಲಿ ಎರಡು ಸಲ ಅದ್ದಿ ತೆಗೆದಳು. ನೀರು ಕುಡಿದ ಕೌದಿಯನ್ನು ನಾವಿಬ್ಬರೂ ಎರಡು ತುದಿ ಹಿಡಿದು ಹಿಂಡಿದೆವು. ಮತ್ತೆ ಹೊಲಿಯುವಾಗ ಹೊಟ್ಟೆ ಖಾಲಿ ಬಿಡಲು ಇವಳಿಗೂ ಮನಸ್ಸಾಗಲಿಲ್ಲ. ಯಾವ ಹುಳವೂ ತಿನ್ನದ್ದು ಏನಾದರೂ ಹೇಳಿ ಎಂದು ಕೂತಳು. ಉಪ್ಪು ಎಂದೆ. ಒಂದು ಹರಳುಪ್ಪು ಇಟ್ಟಳು.

"ತೊಳದರ ಕರಗತೈತಿ" ಎಂದೆ.

"ಕರಗ್ಲಿ. ಉಂಡತಂತ ತಿಳ್ಕೋಳೂದು" ಎಂದು ದಾರ ಕಡಿದಳು. ಅಜ್ಜಿಯ ಹೊಲಿಗೆ ಸೊಟ್ಟಗಿದ್ದ ಕಡೆ ತನ್ನದನ್ನೂ ಸೊಟ್ಟಗೇ ಹಾಕಿದ್ದಳು.

ಆಮೇಲೆ ಫೋನ್ ಮಾಡಿದಳು. ನಾನು ಎದುರಿಗೇ ಕೂತಿದ್ದೆ, ಸ್ಪೀಕರ್ ಹಾಕಿತ್ತು. ಸೊಸೆ, "ಹೋದವೇನ್ರಿ ಅತ್ಯಾರ?" ಎಂದು ಕೇಳಿದಳು.

"ಹೋದ್ವು. ಒಂದೂ ಇಲ್ಲ. ಬರ್ರಿನ್ನ, ಕೂಸಿನ್ನ ನೋಡಲಾರದ ಸಾಕಾಗೇತಿ ನನಗ."

ರವಿವಾರ ಬರುತ್ತೇವೆ ಎಂದಳು ಸೊಸೆ. ದನಿಯಲ್ಲಿ ಅವಳಿಗೂ ಹಗುರಾದದ್ದು ತಿಳಿಯುತ್ತಿತ್ತು. ಅಷ್ಟರಲ್ಲಿ ಅಜ್ಜಿ ಫೋನ್ ಕಸಿದುಕೊಂಡರು.

"ಯವ್ವಾ, ನನ್ನ ಕೌದಿಗೇನ ಹತ್ತಿಲ್ಲಲಾ ನಿಮ್ಮ ತಗಣಿ?"

ನಾನು ಬಾಯಿ ತೆರೆದೆ. ಇವಳು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿದಳು.

"ಇಲ್ರಿ ಅಮ್ಮಾರ, ಕೌದಿ ಚೊಲೋ ಐತ್ರಿ. ನಮ್ಮ ಮಂಚದಾಗ ಇದ್ದೂರಿ."

"ಹಂಗಂದಿ? ಪುಣ್ಯಾ ಬಂತ" ಎಂದು ಅಜ್ಜಿ ಉಸಿರು ಬಿಟ್ಟರು. ಆಮೇಲೆ ಅವರಿಗೆ ಧೈರ್ಯ ಬಂತು. ಮನೆ ಹೇಗೆ ಇಟ್ಟುಕೊಳ್ಳಬೇಕೆಂದು ನನ್ನ ಹೆಂಡತಿಗೆ ಹೇಳಿಕೊಡತೊಡಗಿದರು. ಗಾದಿಯನ್ನು ಬಿಸಿಲಿಗೆ ಹಾಕಬೇಕು, ಮಂಚದ ಕೆಳಗೆ ದಿನಾ ಕಸ ಹೊಡೆಯಬೇಕು, ಮೂಲೆ ಬಿಡಬಾರದು, ಹೆಣ್ಣುಮಗಳಾದವಳು ಅಷ್ಟು ಆಲಸ್ಯ ಮಾಡಬಾರದು. ಹೇಳುತ್ತಲೇ ಇದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಸಿಟ್ಟಿಗೋ ಮತ್ತೆ ಯಾತಕ್ಕೋ, ಬಂತು. ಇವಳು ಮಾತ್ರ ಶಾಲೆಗೆ ಹೊಸದಾಗಿ ಸೇರಿದ ಹುಡುಗಿಯಂತೆ ನೆಟ್ಟಗೆ ಕೂತು, ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದಳು.

"ಹೂನ್ರಿ ಅಮ್ಮಾರ" ಎಂದಳು ಕೊನೆಗೆ. "ಇನ್ನ ಮ್ಯಾಲ ಮನಿ ಸ್ವಚ್ಛ ಇಟ್ಕೋತೀನ್ರಿ."