ಕಂಬದ ಕಾಲಿಗೆ ಸಿಮೆಂಟು

ಟೀವಿಯಲ್ಲಿ ಒಮ್ಮೆ ಇಂಗ್ಲೆಂಡಿನ ಹಳೆಯ ಮರದ ಮನೆಯೊಂದನ್ನು ತೋರಿಸುತ್ತಿದ್ದರು. ಮೊದಲು ಕಂಬ ತೊಲೆಗಳ ಚೌಕಟ್ಟು ನಿಲ್ಲಿಸಿ, ಆಮೇಲೆ ನಡುವೆ ಗೋಡೆ ತುಂಬುತ್ತಾರಂತೆ. ಇದೇನು ಮಹಾ, ಹೊಳೆನರಸೀಪುರದ ನಮ್ಮ ತೊಟ್ಟಿ ಮನೆಯೂ ಹೀಗೇ ಅಲ್ಲವೇ ಎಂದು ಬೀಗಿದ್ದೆ. ಇದರ ಮರವೆಲ್ಲ ಬಾಗೂರಿನಲ್ಲಿ ಬಿಚ್ಚಿದ ಇನ್ನೊಂದು ಮನೆಯದು. ಮತ್ತೆ ಕೂಡಿಸುವಾಗ ತಪ್ಪಬಾರದೆಂದು ಒಂದೊಂದು ಮರಕ್ಕೂ ಉಳಿಯಿಂದ ಗೀರು ಹಾಕಿ, ಎತ್ತಿನ ಗಾಡಿಯಲ್ಲಿ ತಂದಿದ್ದರಂತೆ. ಗೋಡೆ ಬರೀ ಮಣ್ಣು. ಭಾರ ಹೊರುವುದೆಲ್ಲ ಕಂಬಗಳೇ. ಇಷ್ಟೆಲ್ಲ ತಿಳಿದಿದ್ದ ಮಹಾತಾಯಿ, ಮೇಲಾಗಿ ಸ್ಕೂಲ್ ಟೀಚರು, ನಾನು ಮಾಡಿದ ಕೆಲಸ ಕೇಳಿ.

ಹತ್ತು ವರ್ಷದ ಹಿಂದೆ ನೆಲಕ್ಕೆ ಟೈಲ್ಸ್ ಹಾಕಿಸಿದೆ. ಕಂಬಗಳು ನಿಂತಿದ್ದ ಕಲ್ಲುಗಳ ಸಂದಿಯಲ್ಲಿ ಸದಾ ಧೂಳು. ಕಂಬದ ಬುಡವೇ ಮುಚ್ಚುವಂತೆ ಸಿಮೆಂಟು ಮೆತ್ತಿಸಿ, ಮೇಲೆ ಕೆಂಪು ಬಣ್ಣ ಬಳಿಸಿದೆ. ಅತ್ತೆ ಪ್ರತಿವರ್ಷ ಯುಗಾದಿಗೆ ಮುಂಚೆ ಆ ಬುಡಗಳಿಗೆ ಹೊಂಗೆ ಎಣ್ಣೆ ಸವರುತ್ತಿದ್ದರು; ಆ ವರ್ಷ ಸವರಲಿಲ್ಲ. ಅವರಿಗೊಂದು ಕೆಲಸ ಕಮ್ಮಿಯಾಯಿತಲ್ಲ ಎಂದು ನನಗೆ ಖುಷಿಯೋ ಖುಷಿ.

ಈ ಸಲ ಅವರೆಕಾಯಿ ಕಾಲಕ್ಕೆ ಮೂಲೆಯ ಕಂಬ ಕುಸಿದು, ತೊಲೆ ವಾಲಿ, ಹೆಂಚು ಜಾರತೊಡಗಿತು. ಎಂಜಿನಿಯರು ಬಂದು ನೋಡಿ, ಕೆಡವಿ ಹೊಸದು ಕಟ್ಟಿ ಅಂದರು. ಅತ್ತೆ ಅವತ್ತು ಊಟ ಮಾಡಲಿಲ್ಲ. ನನಗೆ ತಡೆಯಲಾಗದೆ ದಂಡಿಗನಹಳ್ಳಿಯಿಂದ ಹಳೆಯ ಬಡಗಿಯೊಬ್ಬರನ್ನು ಕರೆಸಿದೆ. ಅವರು ಸಿಮೆಂಟು ಒಡೆದರೆ, ಒಳಗಿನ ಮರ ಒದ್ದೆ ಬೆಲ್ಲದಂತೆ ಬೆರಳಿಗೆ ಬಂತು.

“ಕಂಬದ್ ಕಾಲ್ಗೆ ಗಾಳಿ ಬ್ಯಾಡ್ವಾ? ಅದುಕ್ಕೇ ಕಲ್ಲಿನ್ ಮ್ಯಾಲೆ ನಿಲ್ಸೋದು. ತೇವ ಒಳಗೇ ಕುಂತು ತಿಂದಾಕ್ಬುಟ್ಟದೆ. ಯಾವ ಬುದ್ವಂತ್ರು ಸಿಮೆಂಟ್ ಆಕ್ಸಿದ್ದು?”

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತದೆ, “ನಾನೇ ಕಣಪ್ಪ. ವಯಸ್ಸಾಯ್ತು, ಬುದ್ಧಿ ಓಡ್ಲಿಲ್ಲ” ಅಂದರು.

ತೊಲೆಗೆ ಜಾಕಿ ಕೊಟ್ಟು, ಕೊಳೆತ ಎರಡು ಗೇಣು ಮರ ಕತ್ತರಿಸಿ, ಅಷ್ಟೇ ಎತ್ತರದ ಕಲ್ಲನ್ನು ಅಡಿಗೆ ಕೂರಿಸಿದರು. ಮಿಕ್ಕ ಕಂಬಗಳ ಸಿಮೆಂಟನ್ನೂ ಕಿತ್ತರು. ಜಾಕಿ ಇಳಿಸಿದಾಗ ತೊಲೆ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ಮನೆ ಉಳಿಯಿತು. ಹೊರಡುವಾಗ ಬಡಗಿಗೆ ನಿಜ ಹೇಳಿದೆ. “ನಿಮ್ ಮಕ ನೋಡೇ ಗೊತ್ತಾಯ್ತು ಬುಡಿ ಟೀಚರಮ್ಮ” ಎಂದು ನಕ್ಕರು.

ಅವರು ಹೋದ ಮೇಲೆ ಅತ್ತೆಯ ಪಕ್ಕ ಕೂತೆ. ಅಳು ಬಂತು. “ಹಾಳಾಗುತ್ತೆ ಅಂತ ನಿಮಗೆ ಗೊತ್ತಿತ್ತಲ್ಲ ಅತ್ತೆ, ಅವತ್ತೇ ಬೈಯಬಾರದಿತ್ತಾ?”

“ಬೈಯೋಣ ಅಂತ್ಲೇ ಬಂದೆ ಕಣವ್ವ. ನೀನು ಆ ಗಾರೆಯೋನ್ಗೆ ‘ನಮ್ಮನೆ ಕಂಬ, ನೀಟಾಗಿ ಮಾಡಪ್ಪ’ ಅಂತಿದ್ದೆ. ಮದ್ವೆಯಾಗಿ ಬಂದು ಆರು ವರ್ಸ ‘ನಿಮ್ಮನೆ, ನಿಮ್ಮನೆ’ ಅಂತಿದ್ದೋಳು ನೀನು. ಕಂಬ ಓದ್ರೆ ಓಗ್ಲಿ ಅಂತ ಒಳಕ್ಕೋದೆ.”