ಸಿಂಕಿಗೆ ಸುರಿದ ಹೆಪ್ಪು

ಗಂಡನ ಪ್ಯಾಂಟಿನ ಸೊಂಟವನ್ನು ಅವಳು ಎರಡು ಸಲ ಬಿಚ್ಚಿ ಹೊಲಿದಳು. ಮೊದಲ ಸಲ ನಕ್ಕಳು. ಕೂತು ಕೂತು ಹೊಟ್ಟೆ ಬರಿಸಿಕೊಂಡಿದ್ದೀರಿ, ಇನ್ನೊಂದು ಇಂಚು ಬಂದರೆ ಬಟ್ಟೆ ನೀವೇ ತಂದುಕೊಡಿ ಎಂದಳು. ಎರಡನೇ ಸಲ ನಗಲಿಲ್ಲ. ಸೊಂಟ ಹೆಚ್ಚುತ್ತಿತ್ತು, ತೋಳು ಸೊರಗುತ್ತಿತ್ತು. ಅವಳು ಹೊಲಿಗೆಯವಳು. ಬಾಯಿ ಏನೇ ಹೇಳಲಿ, ಅಳತೆ ಪಟ್ಟಿಯನ್ನು ನಂಬುವವಳು.

ಅವನು ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ದುಡಿದವನು. ರೋಗಿಗಳ ಹೊಟ್ಟೆಗೆ ಸೂಜಿ ಹಾಕಿ ತೆಗೆದ ನೀರು ಬಾಟಲಿಯಲ್ಲಿ ಅವನ ಮೇಜಿಗೆ ಬರುತ್ತಿತ್ತು. ಅದನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ, ತಳದಲ್ಲಿ ಕೂತದ್ದನ್ನು ಗಾಜಿನ ಸ್ಲೈಡಿನ ಮೇಲೆ ಸವರಿ, ಆರುವ ಮೊದಲೇ ಸ್ಪಿರಿಟ್ಟಿಗೆ ಅದ್ದಿ, ಬಣ್ಣ ಹಾಕಿ ಡಾಕ್ಟರ ಮುಂದೆ ಇಡಬೇಕು. ರೋಗ ಯಾವುದೆಂದು ಅದರಲ್ಲಿರುವ ಕಣ ನೋಡಿ ಅವರು ಹೇಳುತ್ತಾರೆ. ರೋಗಿಯ ನಂಬರನ್ನು ಅವನು ಗಾಜಿನ ಮೇಲೆ ವಜ್ರದ ಮೊನೆಯ ಪೆನ್ಸಿಲಿನಿಂದ ಗೀಚುತ್ತಿದ್ದ. ಶಾಯಿಯಲ್ಲಿ ಬರೆದರೆ ಸ್ಪಿರಿಟ್ಟು ತಿಂದುಹಾಕುತ್ತದೆ.

ಲ್ಯಾಬಿನಲ್ಲಿ ಎಲ್ಲರೂ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಓದಿದ್ದು ಹತ್ತನೇ ಕ್ಲಾಸು. ಆದರೆ ಹೊಸಬರು ಯಾರೇ ಬರಲಿ, ಕೈಹಿಡಿದು ಕಲಿಸುತ್ತಿದ್ದವನು ಅವನೇ. ಸ್ಲೈಡು ಅವನ ಕೈಯದ್ದು ಎಂದರೆ ಲ್ಯಾಬಿನ ಡಾಕ್ಟರಮ್ಮನಿಗೂ ನೆಮ್ಮದಿ. ಆ ಜಂಬ ಅವನಿಗೆ ಕೊನೆಯವರೆಗೂ ಇತ್ತು. ಮನೆಯಲ್ಲಿ ಮಾತ್ರ ಒಂದು ಲೋಟ ತೊಳೆದವನಲ್ಲ. ಗಾಜು ನೋಡಿದರೆ ಡ್ಯೂಟಿ ನೆನಪಾಗುತ್ತೆ ಕಣೇ ಎಂದು ಜಾರಿಕೊಳ್ಳುತ್ತಿದ್ದ.

ಅಳತೆ ಪಟ್ಟಿ ಹಿಡಿದೇ ಅವಳು ಅವನನ್ನು ಅವನ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಹೊಟ್ಟೆಯಲ್ಲಿ ನೀರು ತುಂಬಿದೆ ಎಂದರು. ಸೂಜಿ ಹಾಕಿ ಒಂದು ಬಾಟಲಿ ತೆಗೆದರು. ಮೂರನೇ ದಿನ ರಿಪೋರ್ಟು ಬಂತು. ಕ್ಯಾನ್ಸರಿನ ಕೆಟ್ಟ ಕಣ ಏನೂ ಕಾಣಲಿಲ್ಲ, ಹೊಟ್ಟೆಯ ಒಳಪದರಕ್ಕೆ ಕ್ಷಯ ತಗಲಿರಬಹುದು, ಆರು ತಿಂಗಳು ಮಾತ್ರೆ ತಗೊಳ್ಳಲಿ ಎಂದರು. ಕ್ಷಯ ಎಂದು ಕೇಳಿ ಖುಷಿಪಟ್ಟ ಹೆಂಗಸು ಈ ಲೋಕದಲ್ಲಿ ಅವಳೊಬ್ಬಳೇ ಇರಬೇಕು. ಮಾತ್ರೆಗೆ ಬಗ್ಗುವ ರೋಗವಲ್ಲವೇ. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಹೇಳಿಕೊಂಡು ಬಂದಳು.

ಮೂರು ತಿಂಗಳು ಅವನು ರಜೆ ಹಾಕಿ ಮಾತ್ರೆ ನುಂಗಿದ. ಮಾತ್ರೆಯ ಬಣ್ಣಕ್ಕೆ ಮೂತ್ರ ಕೆಂಪಗೆ ಹೋಗುತ್ತಿತ್ತು, ನಾಲಿಗೆ ರುಚಿ ಕಳೆದುಕೊಂಡಿತ್ತು. ಹೊಟ್ಟೆ ಮಾತ್ರ ಇಳಿಯಲಿಲ್ಲ. ಆಮೇಲೆ ಸ್ಕ್ಯಾನ್ ಮಾಡಿದರು. ಒಳಪದರದ ತುಂಬ ಸಣ್ಣ ಸಣ್ಣ ಗಂಟು. ಸ್ಕ್ಯಾನಿನಲ್ಲಿ ನೋಡಿಕೊಂಡೇ ಒಂದು ಗಂಟಿಗೆ ಸೂಜಿ ಚುಚ್ಚಿ ಕಣ ಎಳೆದರು. ನೀರನ್ನೂ ಇನ್ನೊಂದು ಬಾಟಲಿ ತೆಗೆದರು.

ಈ ಸಲ ಅವನು ಬಾಟಲಿಯ ಹಿಂದೆಯೇ ಲ್ಯಾಬಿಗೆ ಹೋಗಿ, ತನ್ನ ಹಳೇ ಸ್ಟೂಲಿನ ಮೇಲೆ ಕೂತ. ಬಾಟಲಿಯೊಳಗೆ ನೀರಿನ ನಡುವೆ ಲೋಳೆಯ ಹಾಗೆ ಹೆಪ್ಪು ಕಟ್ಟಿತ್ತು. ಅವನ ಜೊತೆ ಹನ್ನೊಂದು ವರ್ಷ ಕೆಲಸ ಮಾಡಿದ, ಅವನೇ ಕಲಿಸಿದ ಹೆಂಗಸು ಗಾಜಿನ ಕಡ್ಡಿಯಲ್ಲಿ ಆ ಹೆಪ್ಪನ್ನು ಎತ್ತಿ ಸಿಂಕಿನತ್ತ ತಿರುಗಿದಳು. ಅವನು ಅವಳ ಮಣಿಕಟ್ಟು ಹಿಡಿದ.

ಹೆಪ್ಪು ಗಾಜಿನ ಮೇಲೆ ಹರಡುವುದಿಲ್ಲ. ಅದನ್ನು ಕಾಗದದಲ್ಲಿ ಸುತ್ತಿ, ಕೆಡದ ಹಾಗೆ ಫಾರ್ಮಲಿನ್ನಿನಲ್ಲಿ ನೆನೆಸಿ, ಮೇಣದಲ್ಲಿ ಕೂರಿಸಿ, ತೆಳ್ಳಗೆ ಕೊಯ್ಯಬೇಕು. ಎರಡು ದಿನದ ಕೆಲಸ. ದಿನಕ್ಕೆ ನಲವತ್ತು ಬಾಟಲಿ, ಕೆಲಸಕ್ಕೆ ಇಬ್ಬರು. ಹೆಪ್ಪು ಕಟ್ಟದ ಹಾಗೆ ಬಾಟಲಿಗೆ ಮೊದಲೇ ಔಷಧಿ ಹಾಕಬೇಕಾದ ವಾರ್ಡಿನವರು ಹಾಕುತ್ತಿರಲಿಲ್ಲ. ಹಾಗಾಗಿ ಎಷ್ಟೋ ವರ್ಷದ ಹಿಂದೆ ಮೇಷ್ಟ್ರೇ ದಾರಿ ಹುಡುಕಿದ್ದರು. ಹೆಪ್ಪು ಸಿಂಕಿಗೆ, ನೀರು ಯಂತ್ರಕ್ಕೆ. ಬಂದವರಿಗೆಲ್ಲ ಅದನ್ನೇ ಕಲಿಸಿದರು. ಕೆಟ್ಟ ಕಣಗಳು ಆ ಹೆಪ್ಪಿನೊಳಗೇ ಸಿಕ್ಕಿಕೊಂಡಿರುತ್ತವೆ ಎಂಬುದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಅವತ್ತು ಲ್ಯಾಬಿನಲ್ಲಿ ನಡೆದ ಮಾತನ್ನು ಅವನು ಸಂಜೆ ಹೆಂಡತಿಗೆ ಒಂದಕ್ಷರ ಬಿಡದೆ ಹೇಳಿದ.

"ಹೋದ್ಸಲ ನನ್ನದೂ ಹೆಪ್ಪು ಕಟ್ಟಿತ್ತೇನಮ್ಮ?"

"ಕಟ್ಟಿತ್ತು ಮೇಷ್ಟ್ರೇ."

"ಏನ್ ಮಾಡಿದ್ರಿ?"

"ನೀವು ಹೇಳ್ಕೊಟ್ಟ ಹಾಗೇ."

ಮೇಣದಲ್ಲಿ ಕೂರಿಸಿದ ಹೆಪ್ಪಿನಲ್ಲಿ ಕ್ಯಾನ್ಸರ್ ಕಣಗಳು ಗೊಂಚಲು ಗೊಂಚಲಾಗಿ ಸಿಕ್ಕವು. ಗಂಟಿಗೆ ಚುಚ್ಚಿದ ಸೂಜಿಯಲ್ಲೂ ಅವೇ. ಮೂರು ತಿಂಗಳ ಹಿಂದಾಗಿದ್ದರೆ ಔಷಧಿ ತಡೆಯುವ ಮೈ ಇತ್ತು, ಈಗಿಲ್ಲ ಎಂದು ದೊಡ್ಡ ಡಾಕ್ಟರು ಕಿಟಕಿ ನೋಡುತ್ತ ಹೇಳಿದರು.

ಅವಳು ಲ್ಯಾಬಿನವರ ಮೇಲೆ ದೂರಿನ ಅರ್ಜಿ ಬರೆಸಲು ಹೊರಟಳು. ಸಹಿ ಬಿಟ್ಟರೆ ಅವಳು ನಾಲ್ಕು ಸಾಲು ಬರೆದರೆ ಹೆಚ್ಚು. ಪಕ್ಕದ ಮನೆಯ ಗುಮಾಸ್ತ ಬರೆದುಕೊಡುತ್ತೇನೆ ಎಂದಿದ್ದ. ಚಪ್ಪಲಿ ಮೆಟ್ಟಿ ನಿಂತವಳನ್ನು ಅವನು ಮಂಚದಿಂದಲೇ ಕರೆದ.

"ಯಾರ ಮೇಲೆ ಬರೆಸ್ತೀಯೇ? ಬರೆಸಿದ್ರೆ ನನ್ನ ಮೇಲೇ ಬರೆಸ್ಬೇಕು."

ಅವಳು ಬಾಗಿಲಲ್ಲೇ ಕೂತಳು. ಚಪ್ಪಲಿ ಕಳಚುತ್ತ ಕೇಳಿದಳು.

"ನಿಮ್ದೊಂದು ಗೊತ್ತಾಯ್ತು. ಇಷ್ಟು ವರ್ಷ ಎಸೆದ್ರಲ್ಲ, ಅವೆಲ್ಲ ಯಾರದ್ರೀ?"

ಅವನು ಗೋಡೆ ಕಡೆ ಮಗ್ಗುಲಾದ. ಐದು ವಾರದ ಮೇಲೆ, ಒಂದು ಮಧ್ಯಾಹ್ನ ಹೋಗಿಬಿಟ್ಟ. ಅತ್ತು ಹಗುರ ಮಾಡಿಕೋ ಎಂದು ನಾದಿನಿ ಬೆನ್ನು ಸವರಿದಳು. ಅವಳಿಗೆ ಅಳುವುದಕ್ಕಿಂತ ಬೈಯುವುದಿತ್ತು. ಬೈಸಿಕೊಳ್ಳುವವನು ಇರಲಿಲ್ಲ.

ತಿಂಗಳಾದ ಮೇಲೆ ಅವನ ಬೀರುವಿನ ಕೀಲಿ ಕೊಡಲು ಲ್ಯಾಬಿಗೆ ಹೋದಳು. ಬೀರುವಿನಲ್ಲಿ ಇದ್ದದ್ದು ಒಂದು ಏಪ್ರನ್ನು, ಊಟದ ಡಬ್ಬಿ, ಆ ವಜ್ರದ ಪೆನ್ಸಿಲು. ಡಾಕ್ಟರಮ್ಮ ಕುರ್ಚಿ ಎಳೆದು ಕೂರಿಸಿದರು. ಸುತ್ತಿ ಬಳಸಿ ಒಂದು ಮಾತು ತೆಗೆದರು. ಮೇಷ್ಟ್ರ ಹೆಪ್ಪಿನ ಸ್ಲೈಡು ಬಹಳ ಚೆನ್ನಾಗಿ ಬಂದಿದೆ, ಕಲಿಯಲು ಬರುವವರಿಗೆ ತೋರಿಸುವ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಕು ಎಂದಿದ್ದೇನೆ, ನೀವು ಒಪ್ಪಿದರೆ ಎಂದರು.

ಅವಳು ತೋರಿಸಿ ಎಂದಳು. ಒಂದು ಕಣ್ಣು ಮುಚ್ಚಿ ಮೈಕ್ರೋಸ್ಕೋಪಿನೊಳಗೆ ಇಣುಕಿದಳು. ನೇರಳೆ ಬಣ್ಣದ ಗೊಂಚಲುಗಳು. ನೋಡಲು ಚೆಂದವಾಗಿಯೇ ಇದ್ದವು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಇಟ್ಕೊಳ್ಳಿ ಡಾಕ್ಟ್ರೇ. ಮೊದಲನೇ ಸಲದ್ದನ್ನೂ ಅದರ ಪಕ್ಕದಲ್ಲೇ ಇಡಿ."

"ಅದರಲ್ಲಿ ಏನೂ ಇಲ್ಲಮ್ಮ."

"ಏನೂ ಇಲ್ಲದ್ದನ್ನೇ ತೋರಿಸಿ. ಯಾಕಿಲ್ಲ ಅಂತ್ಲೂ ಹೇಳಿ. ಮೇಷ್ಟ್ರೇ ಹಾಗೆ ಕಲಿಸಿದ್ದು ಅಂತ್ಲೂ ಹೇಳಿ."

ಸತ್ತವರ ಹೆಸರು ಯಾಕಮ್ಮ ಎಂದು ಡಾಕ್ಟರಮ್ಮ ಮೆಲ್ಲಗೆ ಅಂದರು. ಅವಳು ಎದ್ದೇಳಲಿಲ್ಲ. ಕೊನೆಗೆ ಅವರು ಮರದ ಡ್ರಾಯರ್ ಎಳೆದು, ನಂಬರು ಹುಡುಕಿ, ಆ ಗಾಜನ್ನು ತೆಗೆದು ಪೆಟ್ಟಿಗೆಯಲ್ಲಿ ಇನ್ನೊಂದರ ಪಕ್ಕಕ್ಕೆ ಸಿಕ್ಕಿಸಿದರು.

ಹೊರಗೆ ಬರುವಾಗ ಸಿಂಕಿನ ಹತ್ತಿರ ಮೇಷ್ಟ್ರು ಕಲಿಸಿದ ಆ ಹೆಂಗಸು ನಿಂತಿದ್ದಳು. ಅತ್ತಿಗೆ, ತಪ್ಪಾಯ್ತು ಎಂದಳು. ಇವಳ ಕಣ್ಣು ಮೇಜಿನ ಮೇಲಿದ್ದ ಬಾಟಲಿಗೆ ಹೋಯಿತು. ಅದರಲ್ಲೂ ಹೆಪ್ಪು ಕಟ್ಟಿತ್ತು.

"ಇದು ಯಾರದು?"

"ಗೊತ್ತಿಲ್ಲ ಅತ್ತಿಗೆ. ನಂಬರ್ ಇದೆ ಅಷ್ಟೇ."

ಅವಳು ಚೀಲವನ್ನು ನೆಲಕ್ಕಿಟ್ಟು, ಸಿಂಕಿಗೆ ಅಡ್ಡವಾಗಿ ನಿಂತಳು. ಹೆಂಗಸು ಕಾಗದ ಹರಿದು, ಹೆಪ್ಪನ್ನು ಸುತ್ತಿ, ಫಾರ್ಮಲಿನ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯುವವರೆಗೂ ಅಲ್ಲಿಂದ ಕದಲಲಿಲ್ಲ.